ಅಮ್ಲೋಡಿಪಿನ್ 10ಕ್ಕೆ ಏರಿಸಿದ ಮೇಲೆ ಕಾಲು ಊತ: ಬೇರೆ ಬಿಪಿ ಮಾತ್ರೆ ತಗೊಳ್ಳುವವರು ನಿಮ್ಮ ಅನುಭವ ಹೇಳಿ

ಸಂಜೆ ನಡಿಗೆ:
ಎಲ್ಲರಿಗೂ ನಮಸ್ಕಾರ. ನನಗೆ 58 ವರ್ಷ. ಬಿಪಿಗೆ ಅಮ್ಲೋಡಿಪಿನ್ 5 ಮಿ.ಗ್ರಾಂ. ತಗೊಂಡು ಆರಾಮಾಗಿದ್ದೆ. ಬಿಪಿ ಮತ್ತೆ ಮೇಲೇರಿತು ಅಂತ ಡಾಕ್ಟರು 10 ಮಾಡಿದರು. ಬಿಪಿ ಇಳಿಯಿತು, 128/80ರ ಆಸುಪಾಸಿನಲ್ಲಿದೆ. ಆದರೆ ಕಾಲು ಊದಿಕೊಳ್ಳುತ್ತಿದೆ. ಬೆಳಿಗ್ಗೆ ಏಳುವಾಗ ಏನೂ ಇರುವುದಿಲ್ಲ. ಸಂಜೆ ಹೊತ್ತಿಗೆ ಎರಡೂ ಪಾದ ದಪ್ಪಗಾಗಿ, ಕಾಲುಚೀಲದ ಎಲಾಸ್ಟಿಕ್ ಇದ್ದ ಕಡೆ ಸುತ್ತಲೂ ಗೆರೆ ಬಿದ್ದಿರುತ್ತದೆ. ಹೆಬ್ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳುತ್ತದೆ, ಅದು ತುಂಬಿಕೊಳ್ಳಲು ಹೊತ್ತು ಬೇಕು.

ಮುಂದಿನ ವಾರ ಡಾಕ್ಟರ ಹತ್ತಿರ ಹೋಗಬೇಕು. ಅಷ್ಟರೊಳಗೆ ಸ್ವಲ್ಪ ತಿಳಿದುಕೊಳ್ಳೋಣ ಅಂತ ಕೇಳುತ್ತಿದ್ದೇನೆ. ಯಾವ ಮಾತ್ರೆಯಲ್ಲಿ ನಿಮಗೆ ಏನು ತೊಂದರೆ ಆಯಿತು? ಯಾವುದಕ್ಕೆ ಬದಲಾಯಿಸಿದರು? ಎಲ್ಲಕ್ಕಿಂತ ಒಳ್ಳೆಯ ಬಿಪಿ ಮಾತ್ರೆ ಅಂತ ಒಂದಿದೆಯಾ?

ಮಾತ್ರೆ ಡಬ್ಬಿ:
ನನ್ನದೂ ಇದೇ ಕಥೆ ಮೇಡಂ. ಸಿಲ್ನಿಡಿಪಿನ್‌ಗೆ ಬದಲಾಯಿಸಿದರು, ಊತ ಹೋಯಿತು. ಬಿಪಿ ಹಾಗೇ ಇದೆ.

ಫಾರ್ಮಸಿ ಕೌಂಟರ್:
ನಾನು ಡಾಕ್ಟರ್ ಅಲ್ಲ, ಔಷಧಿ ಕೊಡುವ ಕೆಲಸ ನನ್ನದು. ಕಾಲು ಊತದ ದೂರು ಹೆಚ್ಚುಕಡಿಮೆ ದಿನಾ ಕೇಳುತ್ತೇನೆ.

ಅಮ್ಲೋಡಿಪಿನ್ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಗುಂಪಿನದು. ಸಣ್ಣ ಅಪಧಮನಿಗಳ ಗೋಡೆಯನ್ನು ಸಡಿಲ ಮಾಡುತ್ತದೆ, ಬಿಪಿ ಇಳಿಯುತ್ತದೆ. ಆದರೆ ರಕ್ತವನ್ನು ವಾಪಸ್ ಒಯ್ಯುವ ಅಭಿಧಮನಿಗಳು ಅಷ್ಟೇ ಸಡಿಲ ಆಗುವುದಿಲ್ಲ. ಬರುವ ದಾರಿ ಅಗಲ, ಹೋಗುವ ದಾರಿ ಮೊದಲಿದ್ದಷ್ಟೇ. ಮಧ್ಯೆ ಇರುವ ಕೂದಲೆಳೆಯಷ್ಟು ಸಣ್ಣ ನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಹೊರಗೆ ಜಿನುಗುತ್ತದೆ. ದಿನವಿಡೀ ನಿಂತು ಕೂತು ಇರುವುದರಿಂದ ಪಾದದ ಹತ್ತಿರ ಇಳಿದು ನಿಲ್ಲುತ್ತದೆ. ರಾತ್ರಿ ಮಲಗಿದಾಗ ಕಡಿಮೆ ಆಗುತ್ತದೆ. ನೀವು ಹೇಳಿದ ಹಾಗೇ.

ಅದಕ್ಕೇ ಈ ಊತಕ್ಕೆ ನೀರು ಹೋಗುವ ಮಾತ್ರೆ ಕೊಟ್ಟರೆ ಅಷ್ಟೇನೂ ಪ್ರಯೋಜನ ಆಗುವುದಿಲ್ಲ. ಮೈಯಲ್ಲಿ ನೀರು ಜಾಸ್ತಿ ಆಗಿರುವುದಿಲ್ಲ, ಇರುವ ನೀರು ಜಾಗ ಬದಲಿಸಿರುತ್ತದೆ ಅಷ್ಟೆ.

ಡೋಸ್ ಏರಿದಷ್ಟೂ ಊತದ ಸಾಧ್ಯತೆ ಏರುತ್ತದೆ. ಅಮ್ಲೋಡಿಪಿನ್‌ನ ಅಧಿಕೃತ ಮಾಹಿತಿ ಪತ್ರದಲ್ಲಿ 5 ಮಿ.ಗ್ರಾಂ. ತಗೊಂಡವರಲ್ಲಿ 3%, 10 ಮಿ.ಗ್ರಾಂ.ನಲ್ಲಿ 10.8% ಜನಕ್ಕೆ ಊತ ಅಂತ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಹಳೇ ನರ್ಸ್:
ಫಾರ್ಮಸಿ ಕೌಂಟರ್ ಅವರು ಹೇಳಿದ್ದು ಸರಿ. ಆದರೆ ಊತ ಅಂದ ತಕ್ಷಣ ಮಾತ್ರೆಯ ಮೇಲೆ ಹಾಕಿಬಿಡಬೇಡಿ. ಹೃದಯ, ಕಿಡ್ನಿ, ಲಿವರ್ ತೊಂದರೆಯಲ್ಲೂ ಕಾಲು ಊದುತ್ತದೆ. ಮಲಗಿದರೆ ಉಸಿರು ಕಟ್ಟುವುದು, ಕೆಲವೇ ದಿನದಲ್ಲಿ ತೂಕ ಏರುವುದು, ಮುಖ ಊದುವುದು ಇದ್ದರೆ ಮುಂದಿನ ವಾರದವರೆಗೆ ಕಾಯಬಾರದು. ಒಂದೇ ಕಾಲು ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ತೋರಿಸಬೇಕು.

ಸಂಜೆ ನಡಿಗೆ:
ಎರಡೂ ಕಾಲು ಸಮಾನವಾಗಿ ಊದುತ್ತವೆ, ನೋವಿಲ್ಲ. ಉಸಿರಾಟಕ್ಕೆ ತೊಂದರೆ ಇಲ್ಲ. ಆದರೂ ಡಾಕ್ಟರಿಗೆ ಇದನ್ನೆಲ್ಲ ಹೇಳುತ್ತೇನೆ. ಹಾಗಾದರೆ 10ರಿಂದ ವಾಪಸ್ 5ಕ್ಕೆ ಇಳಿಸಿದರೆ ಸಾಕಾ? ಬಿಪಿ ಮತ್ತೆ ಏರುತ್ತದಲ್ವಾ?

ಓದುಬಡುಕ:
ನಿಮ್ಮ ಈ ಪ್ರಶ್ನೆಯೇ ಮುಖ್ಯವಾದದ್ದು. 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ಲೆಕ್ಕಾಚಾರ ಬಂದಿತ್ತು, 354 ಪ್ರಯೋಗಗಳನ್ನು ಒಟ್ಟುಗೂಡಿಸಿ. ಬಿಪಿ ಮಾತ್ರೆಯ ಡೋಸ್ ಅರ್ಧ ಮಾಡಿದರೆ ಬಿಪಿ ಇಳಿಸುವ ಶಕ್ತಿ ಅರ್ಧ ಆಗುವುದಿಲ್ಲ, ಸುಮಾರು 20% ಮಾತ್ರ ಕಡಿಮೆ ಆಗುತ್ತದೆ. ಅಡ್ಡಪರಿಣಾಮ ಮಾತ್ರ ಹೆಚ್ಚಿನ ಗುಂಪುಗಳಲ್ಲಿ ಡೋಸ್ ಜೊತೆಗೇ ದೊಡ್ಡದಾಗಿ ಇಳಿಯುತ್ತದೆ.

ಅಂದರೆ ಒಂದೇ ಮಾತ್ರೆಯನ್ನು ಪೂರ್ತಿ ಡೋಸ್‌ಗೆ ಏರಿಸುವುದಕ್ಕಿಂತ, ಬೇರೆ ಬೇರೆ ರೀತಿ ಕೆಲಸ ಮಾಡುವ ಎರಡು ಮಾತ್ರೆಗಳನ್ನು ಕಡಿಮೆ ಡೋಸ್‌ನಲ್ಲಿ ಕೊಟ್ಟರೆ ಬಿಪಿ ಜಾಸ್ತಿ ಇಳಿಯುತ್ತದೆ, ತೊಂದರೆ ಕಡಿಮೆ. ನಮ್ಮ ಜನಕ್ಕೆ "ಎರಡು ಮಾತ್ರೆ ಆಯಿತು" ಅಂದರೆ ಕಾಯಿಲೆ ಜೋರಾಯಿತು ಅಂತ ಭಯ. ಒಂದು ದೊಡ್ಡ ಮಾತ್ರೆ ನುಂಗುವುದೇ ವಾಸಿ ಅನ್ನುತ್ತಾರೆ. ನನ್ನ ಪ್ರಕಾರ ಅದು ತಿರುವುಮುರುವು.

ಫಾರ್ಮಸಿ ಕೌಂಟರ್:
ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಎರಡನೇ ಮಾತ್ರೆ ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ್ದಾದರೆ ಊತಕ್ಕೂ ಸಹಾಯ. ಇವು ವಾಪಸ್ ಹೋಗುವ ದಾರಿಯನ್ನೂ ಸಡಿಲ ಮಾಡುವುದರಿಂದ ಸಣ್ಣ ನಾಳಗಳ ಒತ್ತಡ ಇಳಿಯುತ್ತದೆ. ಅಮ್ಲೋಡಿಪಿನ್ 5 ಜೊತೆ ಟೆಲ್ಮಿಸಾರ್ಟನ್ 40 ಒಂದೇ ಮಾತ್ರೆಯಲ್ಲಿ ಸಿಗುತ್ತದೆ. ಸಿಲ್ನಿಡಿಪಿನ್ ದಾರಿಯೂ ಇದೆ. ಅದು ನರಗಳ ತುದಿಯ ಚಾನೆಲ್ ಮೇಲೂ ಕೆಲಸ ಮಾಡುವುದರಿಂದ ಊತ ಕಡಿಮೆ. ಯಾವುದು ನಿಮಗೆ ಹೊಂದುತ್ತದೆ ಅಂತ ನಿಮ್ಮ ಡಾಕ್ಟರೇ ಹೇಳಬೇಕು.

ಕೆಮ್ಮುರಾಯ:
ಹೆಸರು ನೋಡಿಯೇ ಗೊತ್ತಾಗಿರಬೇಕು. ನನ್ನದು ರಾಮಿಪ್ರಿಲ್. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಪುಕ್ಕ ಆಡಿಸಿದ ಹಾಗೆ ಕೆರೆತ. ಮೀಟಿಂಗ್‌ನಲ್ಲಿ ಬಾಯಿ ತೆರೆದರೆ ಕೆಮ್ಮು, ರಾತ್ರಿ ಮಲಗಿದರೆ ಕೆಮ್ಮು. ಎರಡು ಥರ ಸಿರಪ್ ಆಯಿತು, ಎಕ್ಸ್‌ರೇ ಆಯಿತು, ಅಲರ್ಜಿ ಮಾತ್ರೆ ಆಯಿತು. ಆಮೇಲೆ ಬೇರೊಬ್ಬ ಡಾಕ್ಟರು ಚೀಟಿ ನೋಡಿ ಮೊದಲು ಕೇಳಿದ್ದೇ "ಬಿಪಿಗೆ ಏನು ತಗೊಳ್ತೀರಿ?" ಅಂತ. ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರು. ಕೆಮ್ಮು ಒಂದೇ ದಿನಕ್ಕೆ ಹೋಗಲಿಲ್ಲ, ವಾರಗಳು ಬೇಕಾದವು. ಹೋಯಿತು.

ಹೆಸರಿನ ಕೊನೆಯಲ್ಲಿ "ಪ್ರಿಲ್" ಇದ್ದರೆ ಈ ಗುಂಪು. ಎನಾಲಪ್ರಿಲ್, ಲಿಸಿನೊಪ್ರಿಲ್, ಪೆರಿಂಡೊಪ್ರಿಲ್ ಎಲ್ಲ. ಒಂದು ಪ್ರಿಲ್‌ನಲ್ಲಿ ಕೆಮ್ಮು ಬಂದರೆ ಇನ್ನೊಂದು ಪ್ರಿಲ್‌ನಲ್ಲೂ ಬರುವುದೇ ಜಾಸ್ತಿ.

ಓದುಬಡುಕ:
ಕೆಮ್ಮುರಾಯರೇ, ನಿಮ್ಮ ಕೆಮ್ಮಿನ ಹಿಂದೆ ಒಂದು ಹಾವು ಇದೆ, ಗೊತ್ತಾ? ಬ್ರೆಜಿಲ್‌ನ ಜರಾರಾಕ ಅನ್ನುವ ಮಂಡಲದ ಜಾತಿಯ ಹಾವಿನ ವಿಷದಲ್ಲಿ, ಮೈಯಲ್ಲಿರುವ ಬ್ರ್ಯಾಡಿಕೈನಿನ್ ಅನ್ನುವ ಅಂಶ ಬೇಗ ಒಡೆದುಹೋಗದಂತೆ ತಡೆಯುವ ಗುಣ ಇದೆ ಅಂತ 1960ರ ದಶಕದಲ್ಲಿ ಕಂಡುಕೊಂಡರು. ಅದರ ಜಾಡು ಹಿಡಿದೇ ಈ ಗುಂಪಿನ ಮೊದಲ ಮಾತ್ರೆ ಕ್ಯಾಪ್ಟೊಪ್ರಿಲ್ ಬಂತು. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ. ಈಗ ನಿಮ್ಮ ಗಂಟಲು ಕೆರೆಯುತ್ತಿದ್ದದ್ದೂ ಅದೇ ಬ್ರ್ಯಾಡಿಕೈನಿನ್ ಜಾಸ್ತಿ ಆಗಿ. "ಸಾರ್ಟನ್" ಮಾತ್ರೆಗಳು ಅದನ್ನು ಮುಟ್ಟುವುದಿಲ್ಲ, ಅದಕ್ಕೇ ಕೆಮ್ಮು ಅಪರೂಪ.

ಎರಡನ್ನೂ ಎದುರುಬದುರು ಇಟ್ಟು ನೋಡಿದ ಪ್ರಯೋಗ ಇದೆ. 2008ರ ಆನ್‌ಟಾರ್ಗೆಟ್. ಇಪ್ಪತ್ತೈದು ಸಾವಿರಕ್ಕೂ ಜಾಸ್ತಿ ಜನ. ಹೃದಯಾಘಾತ, ಪಾರ್ಶ್ವವಾಯು ತಡೆಯುವುದರಲ್ಲಿ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಎರಡೂ ಸಮ. ಕೆಮ್ಮಿನಿಂದ ಮಾತ್ರೆ ಬಿಟ್ಟವರು ರಾಮಿಪ್ರಿಲ್‌ನಲ್ಲಿ 4.2%, ಟೆಲ್ಮಿಸಾರ್ಟನ್‌ನಲ್ಲಿ 1.1%. ಎರಡನ್ನೂ ಒಟ್ಟಿಗೆ ಕೊಟ್ಟ ಮೂರನೇ ಗುಂಪಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ, ತೊಂದರೆಯೇ ಜಾಸ್ತಿ. ಹಾಗಾಗಿ ಈ ಎರಡು ಗುಂಪು ಜೊತೆಗೆ ತಗೊಳ್ಳುವುದು ಬೇಡ ಅನ್ನುತ್ತಾರೆ.

ಹಾಂ, ಆಗ ಹೇಳಿದ ಡೋಸ್ ಲೆಕ್ಕ ಈ ಕೆಮ್ಮಿಗೆ ನಡೆಯುವುದಿಲ್ಲ. ಪ್ರಿಲ್ ಡೋಸ್ ಅರ್ಧ ಮಾಡಿದರೂ ಕೆಮ್ಮು ಇರುತ್ತದೆ. ಗುಂಪನ್ನೇ ಬದಲಾಯಿಸಬೇಕು.

ಹಳೇ ನರ್ಸ್:
ಪ್ರಿಲ್ ತಗೊಳ್ಳುವವರು ಕೆಮ್ಮಿಗಿಂತ ಮುಖ್ಯವಾದ ಇನ್ನೊಂದು ತಿಳಿದಿರಿ. ತುಂಬಾ ಅಪರೂಪ, ಆದರೆ ತುಟಿ, ನಾಲಿಗೆ, ಗಂಟಲು ದಿಢೀರ್ ಊದಬಹುದು. ಮಾತ್ರೆ ಶುರು ಮಾಡಿ ತಿಂಗಳುಗಳಾದ ಮೇಲೂ ಬರಬಹುದು. ಹಾಗೆ ಆದರೆ ಆ ಮಾತ್ರೆ ಮತ್ತೆ ಮುಟ್ಟಬಾರದು, ನೇರ ಎಮರ್ಜೆನ್ಸಿಗೆ ಹೋಗಬೇಕು.

ನಿಧಾನ ನಾಡಿ:
ಬೀಟಾ ಬ್ಲಾಕರ್, ಅಂದರೆ ಹೃದಯದ ಬಡಿತ ನಿಧಾನ ಮಾಡಿ ಬಿಪಿ ಇಳಿಸುವ ಗುಂಪು, ಅದರ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಮೆಟೊಪ್ರೊಲಾಲ್ ತಗೊಳ್ಳುತ್ತಿದ್ದೆ. ನಾಡಿ 50ರ ಹತ್ತಿರ. ಮೆಟ್ಟಿಲು ಹತ್ತುವಾಗ ಹೃದಯ ವೇಗ ಹಿಡಿಯುವುದೇ ಇಲ್ಲ, ಮಧ್ಯದಲ್ಲಿ ನಿಲ್ಲಬೇಕು. ಕೈಬೆರಳು ಯಾವಾಗಲೂ ತಣ್ಣಗೆ. ವಿಚಿತ್ರ ಕನಸು. ಈಗ ನೆಬಿವೊಲಾಲ್‌ನಲ್ಲಿದ್ದೇನೆ, ಬಹಳ ವಾಸಿ. ಇದು ರಕ್ತನಾಳವನ್ನೂ ಸಡಿಲ ಮಾಡುತ್ತದಂತೆ, ಅದಕ್ಕೆ ಕೈ ತಣ್ಣಗಾಗುವುದು ಕಡಿಮೆ ಅಂದರು.

ಆದರೆ ನಂಗೆ ಎದೆ ಡವಡವ, ಮೈಗ್ರೇನ್ ಎರಡೂ ಇದ್ದವು. ಎರಡಕ್ಕೂ ಇದೇ ಗುಂಪು ಉಪಯೋಗಕ್ಕೆ ಬಂತು. ಅದಕ್ಕೆ ಬೀಟಾ ಬ್ಲಾಕರ್ ಕೆಟ್ಟದ್ದು ಅಂತ ಹೇಳುವವರ ಜೊತೆ ನಾನಿಲ್ಲ.

ಓದುಬಡುಕ:
ಕೆಟ್ಟದ್ದಲ್ಲ, ಆದರೆ ಬರೀ ಬಿಪಿ ಇದ್ದವರಿಗೆ ಈಗ ಅದು ಮೊದಲ ಆಯ್ಕೆ ಅಲ್ಲ. 2002ರ ಲೈಫ್ ಪ್ರಯೋಗದಲ್ಲಿ ಲೊಸಾರ್ಟನ್, ಬೀಟಾ ಬ್ಲಾಕರ್ ಆದ ಅಟೆನೊಲಾಲ್ ಎರಡೂ ಬಿಪಿಯನ್ನು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಸಿದರೂ ಪಾರ್ಶ್ವವಾಯು ಲೊಸಾರ್ಟನ್ ಗುಂಪಿನಲ್ಲಿ ಕಡಿಮೆ ಇತ್ತು. ಹಾರ್ಟ್ ಫೇಲ್ಯೂರ್, ಆಂಜೈನಾ (ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವು), ನಾಡಿ ಏರುಪೇರು ಇದ್ದವರಿಗೆ ಬೀಟಾ ಬ್ಲಾಕರ್ ಇವತ್ತಿಗೂ ಬೇಕಾದ ಮಾತ್ರೆಯೇ.

ಫಾರ್ಮಸಿ ಕೌಂಟರ್:
ಬೀಟಾ ಬ್ಲಾಕರ್ ತಗೊಳ್ಳುವವರೆಲ್ಲ ಇದನ್ನೊಂದು ಓದಿ. ಸ್ಟಾಕ್ ಮುಗಿಯಿತು, ಊರಿಗೆ ಹೋಗಿದ್ದೆ, ಮರೆತೆ ಅಂತ ಏಕಾಏಕಿ ನಿಲ್ಲಿಸಬಾರದು. ನಾಡಿ, ಬಿಪಿ ಎರಡೂ ಜಿಗಿಯುತ್ತವೆ, ಹೃದಯದ ತೊಂದರೆ ಇದ್ದವರಿಗೆ ಅಪಾಯ. ನಿಲ್ಲಿಸಬೇಕಾದರೆ ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ. ಕ್ಲೊನಿಡಿನ್ ಅನ್ನುವ ಇನ್ನೊಂದು ಬಿಪಿ ಮಾತ್ರೆಗೆ ಇದು ಇನ್ನೂ ಕಟ್ಟುನಿಟ್ಟು, ಒಂದೆರಡು ಡೋಸ್ ತಪ್ಪಿದರೂ ಬಿಪಿ ಮೇಲಕ್ಕೆ ಹಾರುತ್ತದೆ. ಅಮ್ಲೋಡಿಪಿನ್ ಹಾಗಲ್ಲ. ಅದರ ಅರ್ಧ ಭಾಗ ಮೈಯಿಂದ ಹೊರಹೋಗಲು 30ರಿಂದ 50 ಗಂಟೆ ಬೇಕು, ಒಂದು ದಿನ ತಪ್ಪಿದರೆ ಬಿಪಿ ಅಷ್ಟೇನೂ ಕದಲುವುದಿಲ್ಲ. ಹಾಗಂತ ರಜಾ ಕೊಡಬೇಡಿ ಮತ್ತೆ.

ಅಸ್ತಮಾ ಇದ್ದವರು ಬೀಟಾ ಬ್ಲಾಕರ್ ಬರೆಯುವ ಮೊದಲೇ ಡಾಕ್ಟರಿಗೆ ಹೇಳಿ. ಇನ್ಸುಲಿನ್ ತಗೊಳ್ಳುವವರು ಕೂಡ. ಸಕ್ಕರೆ ತೀರಾ ಇಳಿದಾಗ ಆಗುವ ನಡುಕ, ಎದೆಬಡಿತವನ್ನು ಇದು ಮುಚ್ಚಿಬಿಡುತ್ತದೆ. ಬೆವರು ಮಾತ್ರ ಬರುತ್ತದೆ, ಅದೇ ಸುಳಿವು.

ಹೆಸರು ಬೇಡ:
ಕೇಳಲು ಮುಜುಗರ, ಅದಕ್ಕೇ ಹೊಸ ಹೆಸರಿನಲ್ಲಿ ಬಂದಿದ್ದೇನೆ. 46 ವರ್ಷ. ಅಟೆನೊಲಾಲ್ ಶುರುವಾದ ಮೇಲೆ ಹೆಂಡತಿ ಜೊತೆ ಸೇರುವುದು ಕಷ್ಟ ಆಗಿದೆ. ಮಾತ್ರೆಯಿಂದಲೇನಾ? ಡಾಕ್ಟರ ಹತ್ತಿರ ಬಾಯಿ ಬರಲಿಲ್ಲ.

ನಿಧಾನ ನಾಡಿ:
ಮುಜುಗರ ಬೇಡ ಸರ್. ಮೆಟೊಪ್ರೊಲಾಲ್‌ನಲ್ಲಿ ನನಗೂ ಇತ್ತು. ಡಾಕ್ಟರು ಮುಖ ಕೂಡ ಮೇಲೆತ್ತದೆ "ಸರಿ, ಬದಲಾಯಿಸೋಣ" ಅಂದರು. ಅವರಿಗೆ ಇದು ದಿನದ ಮಾತು.

ಓದುಬಡುಕ:
ಮಾತ್ರೆಯಿಂದ ಇರಬಹುದು. ಅಟೆನೊಲಾಲ್ ಥರದ ಹಳೆಯ ಬೀಟಾ ಬ್ಲಾಕರ್, ನೀರು ಹೋಗುವ ಮಾತ್ರೆ, ಸ್ಪೈರನೊಲ್ಯಾಕ್ಟೋನ್ (ಇನ್ನೊಂದು ಥರದ ನೀರು ಹೋಗುವ ಮಾತ್ರೆ) ಇವುಗಳ ಮೇಲೆ ಈ ದೂರು ಜಾಸ್ತಿ. ಸಾರ್ಟನ್, ನೆಬಿವೊಲಾಲ್ ಮೇಲೆ ಕಡಿಮೆ. ಬಿಪಿ, ಸಕ್ಕರೆ ಕಾಯಿಲೆ, ಸಿಗರೇಟು ತಾವೇ ಈ ತೊಂದರೆ ತರುತ್ತವೆ ಅನ್ನುವುದೂ ನೆನಪಿರಲಿ.

ಇನ್ನೊಂದು ವಿಷಯ, ತಪ್ಪು ತಿಳಿಯಬೇಡಿ. 2003ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟವಾಯಿತು. 96 ಗಂಡಸರಿಗೆ ಅಟೆನೊಲಾಲ್ ಕೊಟ್ಟರು. ಯಾವ ಮಾತ್ರೆ ಅಂತಲೇ ಹೇಳದ ಗುಂಪಿನಲ್ಲಿ 3.1% ಜನ ಈ ತೊಂದರೆ ಹೇಳಿದರು. ಮಾತ್ರೆಯ ಹೆಸರು ಮಾತ್ರ ಹೇಳಿದ ಗುಂಪಿನಲ್ಲಿ 15.6%. "ಇದರಿಂದ ಹೀಗಾಗಬಹುದು" ಅಂತ ಮೊದಲೇ ಹೇಳಿದ ಗುಂಪಿನಲ್ಲಿ 31.2%. ಮೂರೂ ಗುಂಪಿಗೆ ಒಂದೇ ಮಾತ್ರೆ, ಒಂದೇ ಡೋಸ್.

ಅನುಮಾನಿ:
ಅಂದರೆ ನಮಗೆ ಆಗುತ್ತಿರುವುದೆಲ್ಲ ಸುಮ್ನೆ ಮನಸ್ಸಿನದು ಅಂತೀರಾ? ಸಂಜೆ ನಡಿಗೆಯವರ ಕಾಲಿನ ಗುಳಿ ಕೂಡ ಮನಸ್ಸಿನದಾ? ಈ ಮಾತ್ರೆ ಕಂಪನಿಗಳಿಗೆ ಇದಕ್ಕಿಂತ ಅನುಕೂಲದ ಮಾತು ಬೇಡ. ನಾನಂತೂ ಚೀಟಿಯಲ್ಲಿ ಬರೆದ ಅಡ್ಡಪರಿಣಾಮದ ಪಟ್ಟಿ ಓದಿ ಶುರುವನ್ನೇ ಮಾಡಿಲ್ಲ. 152/96 ಇದೆ, ಏನೂ ಆಗಿಲ್ಲ. ತಲೆನೋವು ಕೂಡ ಇಲ್ಲ.

ಓದುಬಡುಕ:
ಹಾಗೆ ಹೇಳಲಿಲ್ಲ. ಗುಳಿ ಮೈಯದೇ, ಕಣ್ಣಿಗೆ ಕಾಣುತ್ತದೆ. ಸೋಡಿಯಂ ಇಳಿದರೆ ರಕ್ತದಲ್ಲಿ ಕಾಣುತ್ತದೆ. ಆದರೆ ಸುಸ್ತು, ತಲೆಭಾರ, ಆಸಕ್ತಿ ಇಲ್ಲದಿರುವುದು ಇವು ಮಾತ್ರೆ ಇಲ್ಲದವರಿಗೂ ಬರುತ್ತವೆ. ಪಟ್ಟಿ ಓದಿ ಕಾಯುತ್ತಾ ಕೂತರೆ ಇನ್ನೂ ಬೇಗ ಬರುತ್ತವೆ. ಮನಸ್ಸಿನಿಂದ ಬಂದರೂ ಅನುಭವಿಸುವವರಿಗೆ ಕಷ್ಟ ಕಷ್ಟವೇ. ಅದನ್ನು ತಳ್ಳಿಹಾಕುತ್ತಿಲ್ಲ.

ಹಳೇ ನರ್ಸ್:
ಅನುಮಾನಿಯವರೇ, ಒಂದು ಮಾತು. ವಾರ್ಡಿನಲ್ಲಿ ಪಾರ್ಶ್ವವಾಯು ಆಗಿ ಬಂದವರ ಮನೆಯವರು ನನಗೆ ಹೇಳುತ್ತಿದ್ದದ್ದು ಇದೇ ವಾಕ್ಯ. "ಏನೂ ಆಗಿರಲಿಲ್ಲ ಸಿಸ್ಟರ್, ತಲೆನೋವು ಕೂಡ ಇರಲಿಲ್ಲ." ಹೆಚ್ಚಿನವರಿಗೆ ಬಿಪಿ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಹೆದರಿಸಲು ಹೇಳುತ್ತಿಲ್ಲ. ಮೊದಲು ಮನೆಯಲ್ಲಿ ಸರಿಯಾಗಿ ಅಳೆದು ನೋಡಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಿ. ಕಾಲ ಮೇಲೆ ಕಾಲು ಹಾಕಬೇಡಿ. ತೋಳು ಎದೆಯ ಮಟ್ಟದಲ್ಲಿರಲಿ, ಬಿಪಿ ಯಂತ್ರದ ಪಟ್ಟಿ ತೋಳಿನ ಅಳತೆಯದಾಗಿರಲಿ, ಬಟ್ಟೆಯ ಮೇಲೆ ಸುತ್ತಬೇಡಿ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಿರಿ. ಬೆಳಿಗ್ಗೆ, ಸಂಜೆ, ಒಂದು ವಾರ ಬರೆದಿಡಿ. ಮನೆಯ 135/85 ಅಂದರೆ ಆಸ್ಪತ್ರೆಯ 140/90ಕ್ಕೆ ಸಮ ಅಂತ ಲೆಕ್ಕ. ಮನೆಯಲ್ಲೂ 150ರ ಮೇಲೇ ಬಂದರೆ ಆ ಹಾಳೆ ಹಿಡಿದು ಡಾಕ್ಟರ ಮುಂದೆ ಕೂತು ಜಗಳ ಆಡಿ ಬೇಕಾದರೆ. ಮನೆಯಲ್ಲಿ ಕೂತು ಅಡ್ಡಪರಿಣಾಮದ ಪಟ್ಟಿ ಓದಬೇಡಿ.

ಅನುಮಾನಿ:
ಅಳೆಯಲು ಅಡ್ಡಿ ಇಲ್ಲ. ಅಳೆಯುತ್ತೇನೆ.

ಮೂವತ್ತೆರಡು ಹಲ್ಲು:
ನಾನು ಅಮ್ಲೋಡಿಪಿನ್ 10ರಲ್ಲೇ ವರ್ಷಗಟ್ಟಲೆ ಇದ್ದೇನೆ. ಕಾಲು ಊದಿಲ್ಲ, ಏನೂ ಇಲ್ಲ. ಏನೂ ಆಗದವರು ಇಂಥ ಕಡೆ ಬರೆಯಲು ಬರುವುದಿಲ್ಲ, ಅದಕ್ಕೆ ಬರೀ ಕಷ್ಟಗಳೇ ಕಾಣುತ್ತವೆ. ಒಂದು ಮಾತ್ರ ಹಲ್ಲಿನ ಡಾಕ್ಟರು ಹೇಳಿದ್ದು: ಈ ಮಾತ್ರೆಯಲ್ಲಿ ಕೆಲವರಿಗೆ ಒಸಡು ಬೆಳೆದು ಹಲ್ಲಿನ ಮೇಲೆ ಬರುತ್ತದಂತೆ. ಹಲ್ಲು ಚೊಕ್ಕಟ ಇಟ್ಟುಕೊಂಡರೆ ಕಡಿಮೆ. ಹಲ್ಲಿನ ಡಾಕ್ಟರಿಗೂ ಬಿಪಿ ಮಾತ್ರೆಯ ಹೆಸರು ಹೇಳಿ.

ದೊಡ್ಡ ಮಗಳು:
ನೀರು ಹೋಗುವ ಮಾತ್ರೆಯ ಬಗ್ಗೆ ಹೇಳಲೇಬೇಕು. ಅಪ್ಪನಿಗೆ 79. ಟೆಲ್ಮಿಸಾರ್ಟನ್ ಜೊತೆ ಹೈಡ್ರೊಕ್ಲೋರೊಥಯಜೈಡ್ ಇರುವ ಮಾತ್ರೆ. ಕೆಲವು ವಾರದಲ್ಲಿ ಮಂಕಾದರು. ಪೇಪರ್ ಹಿಡಿದುಕೊಂಡಿರುತ್ತಿದ್ದರು, ಪುಟ ತಿರುಗಿಸುತ್ತಿರಲಿಲ್ಲ. ಸಂಜೆಯೋ ಬೆಳಿಗ್ಗೆಯೋ ಅಂತ ಕೇಳುತ್ತಿದ್ದರು. ನಡೆಯುವಾಗ ವಾಲುತ್ತಿದ್ದರು. ಕರೆದುಕೊಂಡು ಹೋದ ಕಡೆ ವಯಸ್ಸಾಯಿತಲ್ಲ, ಮರೆವು ಇರಬಹುದು ಅಂದರು. ನಾನು ರಕ್ತ ಪರೀಕ್ಷೆ ಮಾಡಿಸಿ ಅಂತ ಹಟ ಹಿಡಿದೆ. ಸೋಡಿಯಂ 122. ಇರಬೇಕಾದದ್ದು 135ರಿಂದ 145. ಅಡ್ಮಿಟ್ ಮಾಡಿ ನಿಧಾನವಾಗಿ ಏರಿಸಿದರು, ಆ ಮಾತ್ರೆ ತೆಗೆದರು. ಅಪ್ಪ ಮತ್ತೆ ಮೊದಲಿನ ಅಪ್ಪ ಆದರು, ಟಿವಿ ರಿಮೋಟ್‌ಗೆ ಜಗಳ ಆಡುವಷ್ಟು.

ಫಾರ್ಮಸಿ ಕೌಂಟರ್:
ಈ ಗುಂಪು ಹಳೆಯದು, ಒಳ್ಳೆಯದು, ಪಾರ್ಶ್ವವಾಯು ತಡೆಯುವುದರಲ್ಲಿ ಹೆಸರುವಾಸಿ. ಆದರೆ ರಕ್ತ ಪರೀಕ್ಷೆ ಇಲ್ಲದೆ ಇದನ್ನು ನಡೆಸಬಾರದು. ಸೋಡಿಯಂ, ಪೊಟ್ಯಾಸಿಯಂ ಇಳಿಯಬಹುದು. ಯೂರಿಕ್ ಆಸಿಡ್ ಏರಿ ಹೆಬ್ಬೆರಳಿನ ಗೌಟ್ ಅನ್ನುವ ಕೀಲುನೋವು ಕೆರಳಬಹುದು. ಸಕ್ಕರೆ ಸ್ವಲ್ಪ ಏರಬಹುದು. ವಯಸ್ಸಾದವರಲ್ಲಿ, ತೆಳ್ಳಗಿನ ಹೆಂಗಸರಲ್ಲಿ ಸೋಡಿಯಂ ಬೇಗ ಇಳಿಯುತ್ತದೆ, ಅದೂ ಮೊದಲ ಕೆಲವು ವಾರಗಳಲ್ಲೇ. ಗೌಟ್ ಇರುವವರಿಗೆ ಲೊಸಾರ್ಟನ್ ಹೊಂದುತ್ತದೆ, ಅದು ಯೂರಿಕ್ ಆಸಿಡ್ ಇಳಿಸುತ್ತದೆ. ಬೇರೆ ಸಾರ್ಟನ್‌ಗಳಿಗೆ ಆ ಗುಣ ಅಷ್ಟಿಲ್ಲ.

ಬಹಳ ಬ್ರಾಂಡ್‌ಗಳಲ್ಲಿ ಹೆಸರಿನ ಕೊನೆಗೆ "ಎಚ್" ಇದ್ದರೆ ನೀರು ಹೋಗುವ ಮಾತ್ರೆ ಸೇರಿದೆ, "ಎಎಂ" ಇದ್ದರೆ ಅಮ್ಲೋಡಿಪಿನ್ ಸೇರಿದೆ ಅಂತ ಅರ್ಥ. ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಇಬ್ಬರು ಡಾಕ್ಟರು ಎರಡು ಬ್ರಾಂಡ್ ಬರೆದು, ಎರಡರಲ್ಲೂ ಅಮ್ಲೋಡಿಪಿನ್ ಇದ್ದು, ಡಬಲ್ ನುಂಗುತ್ತಿದ್ದವರನ್ನು ಕೌಂಟರ್‌ನಲ್ಲಿ ನೋಡಿದ್ದೇನೆ.

ಕೆಮ್ಮುರಾಯ:
ಹೊಸ ಮಾತ್ರೆ ಹಳೆಯದಕ್ಕಿಂತ ಒಳ್ಳೆಯದು ಅಂತ ಅಲ್ವಾ ಸಾಮಾನ್ಯವಾಗಿ? ಹಾಗಿದ್ದರೆ ಈ ಹಳೆಯದನ್ನು ಯಾಕೆ ಕೊಡುತ್ತಾರೆ?

ಓದುಬಡುಕ:
ಆ ಪ್ರಶ್ನೆಗೇ ಆಲ್‌ಹ್ಯಾಟ್ ಪ್ರಯೋಗ ಮಾಡಿದ್ದು. 2002ರಲ್ಲಿ ಫಲಿತಾಂಶ ಬಂತು. ಮೂವತ್ತಮೂರು ಸಾವಿರಕ್ಕೂ ಜಾಸ್ತಿ ಜನ. ನೀರು ಹೋಗುವ ಹಳೇ ಮಾತ್ರೆ ಕ್ಲೋರ್ಥಾಲಿಡೋನ್, ಆಗಿನ ಹೊಸ ಅಮ್ಲೋಡಿಪಿನ್, ಲಿಸಿನೊಪ್ರಿಲ್. ಹೃದಯಾಘಾತ, ಅದರಿಂದಾಗುವ ಸಾವು ಮೂರರಲ್ಲೂ ಸಮ. ಹಾರ್ಟ್ ಫೇಲ್ಯೂರ್ ಹಳೇ ಮಾತ್ರೆಯಲ್ಲೇ ಕಡಿಮೆ. ನಾಲ್ಕನೇ ಮಾತ್ರೆ ಡಾಕ್ಸಜೊಸಿನ್ ಗುಂಪನ್ನು ಹಾರ್ಟ್ ಫೇಲ್ಯೂರ್ ಜಾಸ್ತಿ ಕಂಡಿತು ಅಂತ 2000ರಲ್ಲೇ ನಿಲ್ಲಿಸಿಬಿಟ್ಟರು. ಹಾಗಾಗಿ ಬಿಪಿ ಎಷ್ಟು ಇಳಿಯಿತು ಅನ್ನುವುದು ದೊಡ್ಡ ವಿಷಯ. ಯಾವುದರಿಂದ ಇಳಿಯಿತು ಅನ್ನುವುದು, ಬೇರೆ ಕಾಯಿಲೆ ಇಲ್ಲದಿದ್ದರೆ, ಬಹುಪಾಲು ನಿಮ್ಮ ಮೈಗೆ ಯಾವುದು ಒಗ್ಗುತ್ತದೆ ಅನ್ನುವುದರ ಮೇಲೆ. ಮೇಡಂ ಮೊದಲು ಕೇಳಿದ "ಎಲ್ಲಕ್ಕಿಂತ ಒಳ್ಳೆಯದು" ಅನ್ನುವುದಕ್ಕೆ ನನಗೆ ಗೊತ್ತಿರುವ ಉತ್ತರ ಇಷ್ಟೇ.

ಮಾತ್ರೆ ಡಬ್ಬಿ:
ಬೆಳಿಗ್ಗೆ ತಗೊಳ್ಳಬೇಕಾ, ರಾತ್ರಿನಾ? ರಾತ್ರಿ ತಗೊಂಡರೆ ಹೃದಯಾಘಾತ ಅರ್ಧಕ್ಕರ್ಧ ಕಡಿಮೆ ಅಂತ ಫಾರ್ವರ್ಡ್ ಬಂದಿತ್ತು.

ಓದುಬಡುಕ:
ಅದು 2019ರ ಒಂದು ಸ್ಪ್ಯಾನಿಷ್ ಅಧ್ಯಯನದಿಂದ ಹುಟ್ಟಿದ್ದು, ಅದರ ಬಗ್ಗೆ ಆಗಲೇ ತಕರಾರು ಎದ್ದಿತ್ತು. 2022ರಲ್ಲಿ ಬ್ರಿಟನ್‌ನ ಟೈಮ್ ಪ್ರಯೋಗ ಇಪ್ಪತ್ತೊಂದು ಸಾವಿರ ಜನರನ್ನು ನೋಡಿ ಹೇಳಿತು: ಬೆಳಿಗ್ಗೆಯೂ ಒಂದೇ, ರಾತ್ರಿಯೂ ಒಂದೇ. ಮರೆಯದ ಹೊತ್ತಿಗೆ ತಗೊಳ್ಳಿ. ನೀರು ಹೋಗುವ ಮಾತ್ರೆ ರಾತ್ರಿ ತಗೊಂಡರೆ ನಿದ್ದೆ ಕೆಡುತ್ತದೆ, ಅದಷ್ಟೇ.

ಹಳೇ ನರ್ಸ್:
ವಯಸ್ಸಾದವರು ರಾತ್ರಿ ಬಾತ್‌ರೂಮಿಗೆ ಏಳುವಾಗ ಬೀಳುತ್ತಾರೆ, ಅದನ್ನೂ ನೋಡಿ. ಏಳುವಾಗ ಕಣ್ಣು ಕತ್ತಲೆ ಬಂದರೆ ಕೂತಾಗ ಒಂದು ಸಲ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಂದು ಸಲ ಬಿಪಿ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತಿಳಿಸಿ.

ಇನ್ನು ನೋವಿನ ಮಾತ್ರೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬಿಪಿ ಏರಿಸುತ್ತವೆ, ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತವೆ. ಸಾರ್ಟನ್ ಅಥವಾ ಪ್ರಿಲ್, ನೀರು ಹೋಗುವ ಮಾತ್ರೆ, ಈ ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ದೊಡ್ಡ ಪೆಟ್ಟು. ಅದರ ಮೇಲೆ ವಾಂತಿ ಭೇದಿಯೂ ಶುರುವಾದರೆ ಕೇಳಲೇಬೇಡಿ. ಅಂಥ ದಿನ ಬಿಪಿ ಮಾತ್ರೆ ತಗೊಳ್ಳಬೇಕಾ ಬೇಡವಾ ಅಂತ ಫೋನ್ ಮಾಡಿ ಕೇಳಿಯೇ ತಗೊಳ್ಳಿ. "ಕಡಿಮೆ ಸೋಡಿಯಂ" ಉಪ್ಪು ಬಳಸುವವರೂ ಗಮನಿಸಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸಾರ್ಟನ್, ಪ್ರಿಲ್, ಸ್ಪೈರನೊಲ್ಯಾಕ್ಟೋನ್ ಮೊದಲೇ ಪೊಟ್ಯಾಸಿಯಂ ಏರಿಸುವಂಥವು.

ಹೊಸ ಸೊಸೆ:
ನಂಗೆ 29. ಟೆಲ್ಮಿಸಾರ್ಟನ್ 40 ತಗೊಳ್ಳುತ್ತಿದ್ದೇನೆ. ಮಗುವಿಗೆ ಪ್ರಯತ್ನ ಮಾಡೋಣ ಅಂತಿದ್ದೇವೆ. ಏನಾದರೂ ತೊಂದರೆ ಇದೆಯಾ?

ಹಳೇ ನರ್ಸ್:
ಇದೆ ಕಣಮ್ಮಾ. ಗರ್ಭ ನಿಲ್ಲುವ ಮೊದಲೇ ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬದಲಾಯಿಸಿಕೊಳ್ಳಿ. ಸಾರ್ಟನ್, ಪ್ರಿಲ್ ಎರಡೂ ಗರ್ಭಿಣಿಯರಿಗೆ ಬೇಡ, ಮಗುವಿನ ಕಿಡ್ನಿಗೆ ಹಾನಿ. ಲ್ಯಾಬಿಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪ ಕೊಡುತ್ತಾರೆ. ಈಗಾಗಲೇ ತಿಂಗಳು ತಪ್ಪಿದ್ದರೆ ಇವತ್ತೇ ಫೋನ್ ಮಾಡಿ. ಮಾತ್ರೆ ಸುಮ್ಮನೆ ಬಿಟ್ಟು ಕೂರುವುದೂ ಸರಿಯಲ್ಲ, ಬಿಪಿ ಏರಿದರೆ ಇಬ್ಬರಿಗೂ ಕಷ್ಟ.

ಹೊಸ ಸೊಸೆ:
ಯಾರೂ ಇದನ್ನು ಹೇಳಿರಲಿಲ್ಲ. ನಾಳೆಯೇ ಅಪಾಯಿಂಟ್‌ಮೆಂಟ್ ತಗೊಳ್ಳುತ್ತೇನೆ. ಥ್ಯಾಂಕ್ಸ್ ಅಮ್ಮಾ.

ಸಂಜೆ ನಡಿಗೆ:
ಡಾಕ್ಟರ ಹತ್ತಿರ ಹೋಗಿ ಬಂದು ಒಂದಷ್ಟು ವಾರ ಆಯಿತು. ಅವರು ಕಾಲು ಒತ್ತಿ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಮೂತ್ರ ಪರೀಕ್ಷೆ, ಇಸಿಜಿ ಮಾಡಿಸಿದರು. ಮಾತ್ರೆಯಿಂದಲೇ ಅಂದರು. ಅಮ್ಲೋಡಿಪಿನ್ 5, ಟೆಲ್ಮಿಸಾರ್ಟನ್ 40 ಸೇರಿದ ಒಂದೇ ಮಾತ್ರೆಗೆ ಬದಲಾಯಿಸಿದರು. ಊತ ನಿಧಾನವಾಗಿ ಇಳಿಯಿತು. ಈಗ ಜಾಸ್ತಿ ಹೊತ್ತು ನಿಂತರೆ ಮಾತ್ರ ಚೂರು ಕಾಣುತ್ತದೆ. ಬಿಪಿ 124/78. ಎರಡು ವಾರಕ್ಕೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 4.6, ಕಿಡ್ನಿಯ ಕೆಲಸ ತೋರಿಸುವ ಕ್ರಿಯಾಟಿನಿನ್ ಮೊದಲಿನಷ್ಟೇ. ಶುರುವಿನಲ್ಲಿ ಬೆಳಿಗ್ಗೆ ತಲೆ ಸ್ವಲ್ಪ ಹಗುರ ಅನ್ನಿಸುತ್ತಿತ್ತು, ಆಮೇಲೆ ಹೋಯಿತು.

ಎರಡು ಪ್ರಶ್ನೆ. ವಾರದ ಮಾತ್ರೆಗಳನ್ನು ಬಿಡಿಸಿ ಡಬ್ಬಿಯ ಖಾನೆಗಳಿಗೆ ಹಾಕಿಡುತ್ತೇನೆ. ಈ ಹೊಸ ಮಾತ್ರೆ ಎರಡು ಮೂರು ದಿನಕ್ಕೆ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಕೆಟ್ಟಿದೆಯಾ? ಮತ್ತೆ ಹಳೇ ಅಮ್ಲೋಡಿಪಿನ್ 10ರ ಸ್ಟ್ರಿಪ್ ಉಳಿದಿವೆ, ಅದನ್ನು ಅರ್ಧ ಮಾಡಿ ಬಳಸಬಹುದಾ?

ಫಾರ್ಮಸಿ ಕೌಂಟರ್:
ಟೆಲ್ಮಿಸಾರ್ಟನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಅದನ್ನು ಮೊದಲೇ ಬಿಡಿಸಿಡಬಾರದು. ನುಂಗುವ ಹೊತ್ತಿಗೆ ಸ್ಟ್ರಿಪ್‌ನಿಂದ ತೆಗೆಯಿರಿ. ಡಬ್ಬಿಯಲ್ಲೇ ಇಡಬೇಕು ಅಂದರೆ ಸ್ಟ್ರಿಪ್ಪನ್ನು ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿ, ಹಾಳೆ ಒಡೆಯದ ಹಾಗೆ, ಖಾನೆಗೆ ಹಾಕಿ. ಮೆತ್ತಗಾದವನ್ನು ಬಳಸಬೇಡಿ.

ಹಳೇ 10ರ ಮಾತ್ರೆ ಈಗ ಬೇಡವೇ ಬೇಡ. ನಿಮ್ಮ ಹೊಸ ಮಾತ್ರೆಯಲ್ಲೇ ಅಮ್ಲೋಡಿಪಿನ್ 5 ಇದೆ. ಅರ್ಧ ಮಾಡಿ ಇದರ ಜೊತೆ ತಗೊಂಡರೆ ಮತ್ತೆ 10 ಆಗುತ್ತದೆ. ಆ ಸ್ಟ್ರಿಪ್‌ಗಳನ್ನು ಔಷಧಿ ಅಂಗಡಿಗೆ ವಾಪಸ್ ಕೊಡಿ, ತಗೊಳ್ಳದಿದ್ದರೆ ಹೇಗೆ ಎಸೆಯಬೇಕು ಅಂತ ಅವರನ್ನೇ ಕೇಳಿ.

ಅನುಮಾನಿ:
ಒಂದು ವಾರ ಅಳೆದೆ. ಬೆಳಿಗ್ಗೆ 146/92ರಿಂದ 155/97ರವರೆಗೆ. ಸಂಜೆ ಸ್ವಲ್ಪ ಕಡಿಮೆ. ಹಾಳೆ ತಗೊಂಡು ಹೋಗಿದ್ದೆ. ಟೆಲ್ಮಿಸಾರ್ಟನ್ 20ರಿಂದ ಶುರು ಮಾಡೋಣ ಅಂದಿದ್ದಾರೆ. ಒಳಗಿನ ಚೀಟಿ ಓದಿಲ್ಲ, ಹೆಂಡತಿ ಕೈಗೆ ಕೊಟ್ಟಿದ್ದೇನೆ. ಏನಾದರೂ ಆದರೆ ಅವಳು ನೋಡಿ ಹೇಳಲಿ.